ಬಾಗಿಲೊಳಗಿನ ಮೊದಲ ಕಲ್ಲು

ಮುದ್ದೇಬಿಹಾಳ
೧೨ ಜನವರಿ ೨೦೨೪

ಅಪ್ಪಾ,

ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಲಾರೆ, ಏಕೆಂದರೆ ಅವ್ವನ ಹೆಬ್ಬೆರಳಿನ ಉಗುರು ಎದ್ದು ಬಂದಿದೆ. ನಮ್ಮ ಬಾಗಿಲೊಳಗಿನ ಮೊದಲ ಕಲ್ಲು, ಮತ್ತೇನು. ನೀರಿನ ಕೊಡ ಹೊತ್ತು ಒಳಗೆ ಕಾಲಿಟ್ಟಳು, ಕಲ್ಲು ಆ ಕಡೆ ಕುಸಿದು ಈ ಕಡೆ ಎದ್ದಿತು. ಕೊಡವೂ ಹೋಯಿತು, ಉಗುರೂ ಹೋಯಿತು. ಇಲ್ಲಿಂದ ತಾಳಿಕೋಟಿವರೆಗೆ ಎಷ್ಟೋ ಮನೆಗಳ ನೆಲಕ್ಕೆ ಪರಸಿ ಕಲ್ಲು ಹಾಸಿದವನ ಸ್ವಂತ ಮನೆಯಲ್ಲಿ ಒಂದು ಕಲ್ಲು ವರ್ಷಗಟ್ಟಲೆ ಅಲುಗಾಡುತ್ತಿದೆ ಎಂದು ಬಂದವರೆಲ್ಲ ನಗುತ್ತಾರೆ. ಅವರ ಜೊತೆ ನಾನೂ ನಗಬೇಕೇನು? ಬಂದು ಅದನ್ನು ಅಲುಗದ ಹಾಗೆ ಕೂಡಿಸಿ ಹೋಗು.

ಪತ್ರ ಯಾಕೆ ಬರೆಯುತ್ತಿದ್ದೇನೆ ಎಂದರೆ ಬೇರೆ ದಾರಿ ಇಲ್ಲ. ಫೋನು ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಮೆಸೇಜು ಕಳಿಸಿದರೆ ನಿನ್ನ ಗುಂಡಿ ಫೋನಿನಲ್ಲಿ ಕನ್ನಡ ಅಕ್ಷರದ ಬದಲು ಚೌಕ ಚೌಕ ಬೀಳುತ್ತವೆ.

ಕೇಳಿಸುವುದಿಲ್ಲ ಎಂದು ಬರೆದೆ. ಸಿಟ್ಟಾಗಬೇಡ, ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಕಲ್ಲಿನ ಖಣಿಯ ಮಷೀನಿನ ಪಕ್ಕ ನಿಂತು ನಿಂತು ಕಿವಿ ಮಂದವಾದವು ಎನ್ನುತ್ತೀಯ. ಆದರೆ ಮನೆಯಲ್ಲಿದ್ದಾಗ ನೀನು ಕುರ್ಚಿ ಬಿಟ್ಟು ನೆಲಕ್ಕೇ ಕೂತಿರುತ್ತೀಯ, ಅಡಿಗೆ ಮನೆಯ ಕಡೆ ಮುಖ, ಬಾಗಿಲಿಗೆ ಬೆನ್ನು. ಆದರೂ ಯಾರು ಒಳಗೆ ಬಂದರೂ ಅವರು ಬಾಯಿ ತೆರೆಯುವ ಮೊದಲೇ ಹೊರಳಿ ನೋಡುತ್ತೀಯ. ನಾನು ಬೆಕ್ಕಿನ ಹಾಗೆ ಬಂದರೂ ಅಷ್ಟೇ. ಹಿಂದಿನಿಂದ ಕರೆದರೆ ಮಾತ್ರ ಕಲ್ಲಿನ ಹಾಗೆ ಇರುತ್ತೀಯ. ಅವ್ವ ಹೇಳುತ್ತಾಳೆ, "ನಿಮ್ಮಪ್ಪಗ ಬೇಕಾದ್ದಷ್ಟ ಕೇಳಸ್ತೈತಿ, ಬ್ಯಾಡಾದ್ದು ಕೇಳ್ಸೂದಿಲ್ಲ." ನನಗೂ ಹಾಗೇ ಅನಿಸುತ್ತದೆ. ಮನಸ್ಸಿನಲ್ಲಿ ಇಟ್ಟುಕೊಂಡು ಮೇಲೆ ಬೇರೆ ಬರೆಯಲು ನನಗೆ ಬರುವುದಿಲ್ಲ.

ಒಂದು ಹೊಸ ಸುದ್ದಿ. ನನಗೆ ಕೆಲಸ ಸಿಕ್ಕಿದೆ. ಹೊಲಿಗೆ ಅಂಗಡಿ ಬಿಟ್ಟೆ, ಅಲ್ಲಿ ಒಂದೇ ಕಡೆ ಕೂಡ್ರಬೇಕು. ಬಸವನ ಬಾಗೇವಾಡಿಯ ಬಸಣ್ಣ ಕಾಕಾ ಟೆಂಪೊ ತೆಗೆದುಕೊಂಡಿದ್ದಾನೆ. ಮದುವೆ ಬಾಡಿಗೆ ಇಲ್ಲದ ರವಿವಾರಗಳಲ್ಲಿ ಜನರನ್ನು ಇಂಡಿಯಿಂದ, ಸಿಂದಗಿಯಿಂದ ಹತ್ತಿಸಿಕೊಂಡು ಊರೂರು ತೋರಿಸುತ್ತಾನಂತೆ. ಟೆಂಪೊ ಮೇಲೆ ಬರೆಸಿದ್ದಾನೆ: "ಕೋಟೆ, ಖಣಿ, ಕಡಲು. ಒಂದೇ ದಿನ." ಕೋಟೆ ಎಂದರೆ ಸಿಂದಗಿ ಕಡೆಯ ಒಂದು ಹಳ್ಳಿಯ ಬಿದ್ದ ವಾಡೆ, ಯಾರದೋ ಹಳೆಯ ದೊಡ್ಡ ಮನೆ. ಖಣಿ ಎಂದರೆ ನೀನು ದುಡಿದ ಪರಸಿ ಖಣಿ, ಈಗ ಮುಚ್ಚಿದೆಯಲ್ಲ, ಅದು. ಕಡಲು ಎಂದರೆ ಆಲಮಟ್ಟಿಯ ಹಿನ್ನೀರು. ನಾನು ಕೇಳಿದೆ, "ಕಾಕಾ, ಬಾಗೇವಾಡಿಯಾಗ ಕಡಲ ಯಾವಾಗ ಬಂತು?" ಅವನು, "ಆ ದಂಡಿ ಕಾಣ್ತದೇನು? ಕಾಣೂದಿಲ್ಲ. ದಂಡಿ ಕಾಣದ್ದು ಕಡಲು" ಎಂದ.

ಜನರಿಗೆ ವಿವರಿಸಿ ಹೇಳುವ ಕೆಲಸ ನನ್ನದು. ನೀನು ನಿಜವಾದ ಕಡಲಿನ ದಂಡೆಯಲ್ಲಿ ನಿಜವಾದ ಕೋಟೆಗೆ ಪರಸಿ ಹಾಸುತ್ತಿದ್ದೀಯ. ಅದು ಹೇಗಿದೆ ಬರೆ. ಯಾರಾದರೂ ಒಬ್ಬರು ಖರೆ ಕಡಲಿನ ಬಗ್ಗೆ ನನಗೆ ಹೇಳಬೇಕು.

ಕಲ್ಲು ಮರೆಯಬೇಡ.

ಇರಮ


ಕೊಂಕಣ, ಕೋಟೆ ಕೆಲಸದ ಜಾಗ
೩ ಫೆಬ್ರುವರಿ ೨೦೨೪

ಮಗಳೇ ಇರಮ,

ಪತ್ರ ಮುಟ್ಟಿತು. ಅವ್ವನ ಬೆರಳಿಗೆ ಅರಿಸಿನ ಹಚ್ಚು, ನೀರು ತಾಗಗೊಡಬೇಡ.

ಸಮುದ್ರ ದೊಡ್ಡದಿದೆ. ಉಪ್ಪಿದೆ. ಉಪ್ಪು ಸಂದಿಯಲ್ಲಿ ಕೂತು ಸಿಮೆಂಟು ಹಿಡಿಯಗೊಡುವುದಿಲ್ಲ. ಕೋಟೆ ನೀರಿನೊಳಗೇ ಇದೆ. ಬೆಳಿಗ್ಗೆ ದೋಣಿಯಲ್ಲಿ ಹೋಗುತ್ತೇವೆ, ಸಂಜೆ ದೋಣಿಯಲ್ಲಿ ಬರುತ್ತೇವೆ. ಗೋಡೆ ನಮ್ಮ ಮನೆಗಿಂತ ಅಗಲ. ಒಳಗೆ ಸಿಹಿನೀರಿನ ಬಾವಿ ಇದೆ, ಅದು ಹೇಗೆ ಎಂದು ನನಗೆ ತಿಳಿಯದು. ತೆರೆ ಬಂದು ಗೋಡೆಗೆ ಬಡಿದರೆ ಆ ಪೆಟ್ಟು ನೆಲದ ಕಲ್ಲಿಗೆ ಬರುತ್ತದೆ. ಮಧ್ಯಾಹ್ನ ಉಂಡ ಮೇಲೆ ಅಂಗೈ ಊರಿ ಕೂಡ್ರುತ್ತೇನೆ. ದೊಡ್ಡ ತೆರೆ ಯಾವುದು ಸಣ್ಣದು ಯಾವುದು ತಿಳಿಯುತ್ತದೆ.

ಕಲ್ಲಿನ ಮಾತು. ನೀನು ಹತ್ತನೆಯ ಇಯತ್ತೆ ಮುಗಿಸು. ಸಾಲಿಗೆ ಹೋಗದೆ ಹೊರಗಿನಿಂದ ಪರೀಕ್ಷೆ ಕಟ್ಟಲು ಬರುತ್ತದೆ ಎಂದು ಇಲ್ಲಿಯ ಒಬ್ಬ ಹುಡುಗ ಹೇಳಿದ. ನಿನ್ನ ಸಾಲಿ ಮುಗಿದ ದಿನ ಬಂದು ಕಲ್ಲು ಕೂಡಿಸುತ್ತೇನೆ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡ. ಅವ್ವನಿಗೆ ಮೆಲ್ಲಗೆ ಕಾಲಿಡಲು ಹೇಳು.

ನಿನ್ನ ಅಪ್ಪ
ಮಹಮ್ಮದಹನೀಫ


ಮುದ್ದೇಬಿಹಾಳ
೨೮ ಫೆಬ್ರುವರಿ ೨೦೨೪

ಅಪ್ಪಾ,

ಸಾಲಿಗೂ ಕಲ್ಲಿಗೂ ಏನು ಸಂಬಂಧ? ಇಡೀ ಊರಿನಲ್ಲಿ ಯಾರನ್ನಾದರೂ ಕೇಳು.

ನಾನು ಸಾಲಿ ಯಾಕೆ ಬಿಟ್ಟೆ ಎಂದು ನಿನಗೆ ಗೊತ್ತಿದೆ. ಪರೀಕ್ಷೆಯ ದಿನ ಮಾಸ್ತರರೇ ಬೋರ್ಡಿನ ಮೇಲೆ ಉತ್ತರ ಬರೆದರು, ಎಲ್ಲರೂ ತಲೆ ಬಗ್ಗಿಸಿ ಇಳಿಸಿಕೊಂಡರು. ನಾನು ಬರೆಯುವುದಿಲ್ಲ ಎಂದೆ. "ನೀ ಒಬ್ಬಾಕಿ ಹರಿಶ್ಚಂದ್ರನ ಮೊಮ್ಮಗಳೇನ?" ಎಂದರು. ನಾನು ಎದ್ದು ಬಂದೆ. ಮತ್ತೆ ಅಲ್ಲಿಗೇ ಹೋಗಿ ಅದೇ ಬೋರ್ಡಿನ ಮುಂದೆ ಕೂಡ್ರು ಎನ್ನುತ್ತೀಯ.

ಈಗ ಕೆಲಸದ ಕಥೆ ಕೇಳು. ಮೊದಲ ಟ್ರಿಪ್ಪಿನಲ್ಲೇ ನನಗೂ ಬಸಣ್ಣ ಕಾಕಾನಿಗೂ ಜಗಳವಾಯಿತು.

ವಾಡೆಯ ದೊಡ್ಡ ಬಾಗಿಲಿನ ಒಳಗೆ ಕಾವಲುಗಾರರು ಕೂಡ್ರುತ್ತಿದ್ದ ಕಟ್ಟೆ ಇದೆ, ಅದರ ಮುಂದೆ ನಮ್ಮ ಮನೆಯ ಹಾಗೇ ಒಂದು ಅಲುಗಾಡುವ ಕಲ್ಲು. ಕಾಕಾ ನನ್ನನ್ನು ಪಕ್ಕಕ್ಕೆ ಕರೆದು, "ಇದರ ಬುಡಕ ಏಳ ಕೊಪ್ಪರಗಿ ಹೊನ್ನ ಐತಿ ಅಂತ ಹೇಳು" ಎಂದ.

"ಕಾಕಾ, ನಾ ಕೋಲ ಹಾಕಿ ಎಬ್ಬಿಸಿ ನೋಡೇನಿ. ಬುಡಕ ಒಂದು ಚೇಳ ಐತಿ."

"ಚೇಳ ನೋಡಾಕ ಯಾರ ಬರ್ತಾರವ್ವಾ, ರೊಕ್ಕಾ ಕೊಟ್ಟು?"

"ಹಂಗಾರ ಚೇಳ ಕೊಪ್ಪರಗಿ ಕಾಯಾಕತ್ತೈತಿ ಅಂತ ನೀವ ಹೇಳ್ರಿ. ನಾ ಹೇಳೂದಿಲ್ಲ."

ಖಣಿಗೆ ಹೋದೆವು. ಗೈಬುಸಾಬ ಕಾಕಾ ಇನ್ನೂ ಅಲ್ಲೇ ಕಾವಲು ಇದ್ದಾನೆ, ಕಾಯಲು ಏನೂ ಇಲ್ಲ, ತಗ್ಗಿನಲ್ಲಿ ನೀರು ನಿಂತಿದೆ, ಎಮ್ಮೆ ಬಿದ್ದುಕೊಂಡಿವೆ. ನಿನ್ನ ಬಗ್ಗೆ ಕೇಳಿದ. ಬಸಣ್ಣ ಕಾಕಾ ಜನರಿಗೆ, "ಗೋಳಗುಮ್ಮಟದ ಕಲ್ಲ ಇಲ್ಲಿಂದನ ಹೋಗ್ಯಾವ್ರಿ" ಎಂದ. ಎಲ್ಲರೂ ಫೋಟೊ ತೆಗೆಯತೊಡಗಿದರು. ನಾನು ಹೇಳಿದೆ, ಈ ಖಣಿ ತೆರೆದಾಗ ನಮ್ಮ ಅಪ್ಪ ಹರೆಯದವನು, ಆಗಲೇ ಗೋಳಗುಮ್ಮಟಕ್ಕೆ ಮುಪ್ಪು ಬಂದಿತ್ತು. ಇಲ್ಲಿಂದ ಹೋದದ್ದು ನಿಮ್ಮ ನಿಮ್ಮ ಪಡಸಾಲೆಗಳ ಪರಸಿ. ಒಬ್ಬಳು ಹೆಂಗಸು ಫೋಟೊ ಅಳಿಸಿದಳು. ಗೈಬುಸಾಬ ಕಾಕಾ ನಕ್ಕು ನಕ್ಕು ಕೆಮ್ಮಿದ.

ಸಂಜೆ ಹಿನ್ನೀರು. ಇಂಡಿಯಿಂದ ಬಂದ ಒಬ್ಬ ಹಿರಿಯರು ಇಳಿದು ಹೋಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. "ಏನ್ ಬಸಣ್ಣಾ, ಕಡಲ ಅಂದಿ, ಸಪ್ಪಗೈತಲ್ಲೋ" ಎಂದರು. ಕಾಕಾ ನನ್ನ ಮುಖ ನೋಡಿದ. ಒಂದು ಮಾತು ಸುಳ್ಳು ಹೇಳಿ ಕಾಪಾಡು ಎಂದು ಕಣ್ಣಲ್ಲೇ ಕೇಳಿದ. ನಾನು, "ಇದು ಕೃಷ್ಣಾ ನದಿ ನೀರ್ರಿ. ಬುಡಕ ಹೊಲಾ ಅದಾವು, ಮನಿ ಅದಾವು" ಎಂದೆ. ಬಾಗೇವಾಡಿಗೆ ಬಂದ ಮೇಲೆ ಕಾಕಾ, "ನಾಳಿಂದ ಬರಬ್ಯಾಡ ತಂಗಿ. ನಿನ್ನ ಖರೇತನಕ್ಕ ನನ್ನ ಡಿಸೆಲ್ ಸಾಲೂದಿಲ್ಲ" ಎಂದ.

ಮುಂದಿನ ಶುಕ್ರವಾರ ತಾನೇ ಮನೆಗೆ ಬಂದ. ನೀರು ಕುಡಿದ ಹಿರಿಯರು ತಮ್ಮ ಓಣಿಯ ಎಂಟು ಮಂದಿಯನ್ನು ಕಳಿಸಿದ್ದಾರೆ, "ಆ ಖರೇ ಹೇಳೂ ಹುಡುಗಿ ಇದ್ರಷ್ಟ ಬರ್ತೇವಿ" ಎಂದಿದ್ದಾರಂತೆ. ಹೇಳುತ್ತ ಹೇಳುತ್ತ ಒಳಗೆ ಬಂದವನು ನಮ್ಮ ಕಲ್ಲಿಗೆ ಎಡವಿ ಗೋಡೆ ಹಿಡಿದುಕೊಂಡ. "ಇದರ ಬುಡಕ ಏನೈತಿ?" ಎಂದ. ನಾನು ಏನು ಹೇಳಲಿ? ನಮ್ಮಪ್ಪನ ಹಟ ಇದೆ ಎಂದೆ.

ಅಪ್ಪಾ, ಕಾಕಾ ಸುಳ್ಳು ಹೇಳಿದರೆ ಹೊಟ್ಟೆಪಾಡಿಗೆ ಹೇಳುತ್ತಾನೆ. ನೀನು ಯಾತಕ್ಕೆ? ಸಾಲಿ ಒಂದು ನೆಪ. ಕಲ್ಲು ಕೂಡಿಸಲು ನಿನಗೆ ಮನಸ್ಸಿಲ್ಲ, ಯಾಕೆ ಎಂದು ಹೇಳಲೂ ಮನಸ್ಸಿಲ್ಲ.

ಇರಮ


ಮುದ್ದೇಬಿಹಾಳ
೨ ಮೇ ೨೦೨೪

ಅಪ್ಪಾ,

ನೀನು ಉತ್ತರ ಬರೆಯಲಿಲ್ಲ. ರಂಜಾನ ಹಬ್ಬಕ್ಕೆ ರೊಕ್ಕ ಬಂತು, ಮಾತು ಬರಲಿಲ್ಲ. ಇರಲಿ. ಕಲ್ಲನ್ನು ನಾನೇ ಕೂಡಿಸಿದೆ.

ನೀನು ಮುಟ್ಟಬೇಡ ಎಂದಿದ್ದೆ, ಗೊತ್ತು. ಆದರೆ ಅವ್ವ ಮತ್ತೊಮ್ಮೆ ಮುಗ್ಗರಿಸಿದಳು, ಈ ಸಲ ಕೈಯಲ್ಲಿ ಬಿಸಿ ಸಾರು ಇತ್ತು. ಸಾರು ನೆಲದ ಪಾಲಾಯಿತು, ಅಷ್ಟಕ್ಕೇ ಪಾರಾದಳು. ಅದೇ ದಿನ ಸಂಜೆ ನಿನ್ನ ಹಳೆಯ ಹಾರೆ ತೆಗೆದೆ.

ಎಬ್ಬಿಸಿ ನೋಡಿದರೆ ನೀನು ಮಾಡಿದ ಕೆಲಸ ಕಂಡು ನಾಚಿಕೆಯಾಯಿತು. ಕಲ್ಲಿನ ನಟ್ಟನಡುವೆ, ಕೆಳಗೆ, ಬೆರಳು ದಪ್ಪದ ಒಂದು ಕಲ್ಲಿನ ಚಕ್ಕೆ ಇಟ್ಟಿದ್ದೀಯ. ನಡುವೆ ಹಾಗೆ ಇಟ್ಟರೆ ಕಲ್ಲು ಏತದ ಹಾಗೆ ಆಡದೆ ಇನ್ನೇನು ಮಾಡುತ್ತದೆ? ಮೇಲಾಗಿ ಮೊದಲ ಕಲ್ಲಿನ ಒಳಗಿನ ಅಂಚು ಎರಡನೆಯ ಕಲ್ಲಿನ ಬುಡಕ್ಕೆ ತೂರಿಕೊಂಡಿದೆ. ಬೇರೆ ಯಾರಾದರೂ ಹೀಗೆ ಹಾಸಿದ್ದರೆ ನೀನು ಅವರ ಕೂಲಿ ಹಿಡಿಯುತ್ತಿದ್ದೆ. ಚಕ್ಕೆಯನ್ನು ಬಿಸಾಕಿದೆ. ಅಂಚು ಕಡಿದು ಸರಿಮಾಡಿದೆ. ಮರಳು ಸಿಮೆಂಟು ಹಾಕಿ ಕೂಡಿಸಿ, ಸಂದಿ ತುಂಬಿ, ಮೂರು ದಿನ ಒದ್ದೆ ಗೋಣಿಚೀಲ ಹೊದಿಸಿದೆ. ಈಗ ಆನೆ ತುಳಿದರೂ ಅಲುಗುವುದಿಲ್ಲ.

ಅವ್ವ ಅದರ ಮೇಲೆ ನಿಂತು ಕುಣಿದು ನೋಡಿ, "ನಿಮ್ಮಪ್ಪಗಿಂತ ನೀನ ಚಲೋ ಗೌಂಡಿ ಆದಿ ನೋಡು" ಎಂದಳು. ಬಕ್ರೀದಿಗೆ ಬರುತ್ತೀಯಲ್ಲ, ನೀನೂ ನೋಡು. ಸಿಟ್ಟು ಇದ್ದರೆ ನನ್ನ ಮುಖಕ್ಕೆ ಹೇಳು.

ಇರಮ


ಕೊಂಕಣ
೧೯ ಮೇ ೨೦೨೪

ಇರಮ,

ಕೂಡಿಸಿದ್ದು ಓದಿದೆ. ಸಿಮೆಂಟು ಎಷ್ಟಕ್ಕೆ ಎಷ್ಟು ಹಾಕಿದೆ? ಮೂರು ದಿನ ನೀರು ಉಣಿಸಿದ್ದರೆ ಗಟ್ಟಿ ಹಿಡಿದಿರುತ್ತದೆ.

ಚಕ್ಕೆ ಎಲ್ಲಿ ಬಿಸಾಕಿದೆ? ಇರಲಿ.

ಅವ್ವ ಬೀಳಲಿಲ್ಲವಲ್ಲ, ಅದು ದೊಡ್ಡದು. ಚಲೋ ಮಾಡಿದೆ. ಮಳೆ ಶುರುವಾದರೆ ಇಲ್ಲಿ ದೋಣಿ ನಿಲ್ಲುತ್ತದೆ. ಬಕ್ರೀದಿಗೆ ಬರುತ್ತೇನೆ. ಗಣಪತಿ ಹಬ್ಬದವರೆಗೆ ಇರುತ್ತೇನೆ.

ಅಪ್ಪ


ಮುದ್ದೇಬಿಹಾಳ
೨೧ ಜುಲೈ ೨೦೨೪

ಅಪ್ಪಾ,

ಗಣಪತಿ ಹಬ್ಬದವರೆಗೆ ಇರುತ್ತೇನೆ ಎಂದು ಬರೆದವನು ಮೊಹರಮ್ಮಿಗೂ ಮೊದಲೇ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. "ಒಳಗಿನ ಖೋಲಿ ಕೆಲಸ ಐತಿ" ಎಂದೆ. ದೋಣಿಯೇ ಇಲ್ಲದೆ ಕೋಟೆಯ ಒಳಗೆ ಹೇಗೆ ಹೋದೆ, ಈಜಿಯೋ?

ನಿನಗೆ ನನ್ನ ಮೇಲೆ ಸಿಟ್ಟು. ಅದನ್ನು ಬಾಯಲ್ಲಿ ಹೇಳದೆ ಮೈಯಲ್ಲಿ ತೋರಿಸಿದೆ. ಬಂದ ದಿನ ಒಳಗೆ ಬಂದು ಕಲ್ಲಿನ ಮೇಲೆ ನಿಂತು ಎರಡು ಸಲ ಹಿಮ್ಮಡಿ ಒತ್ತಿದೆ. "ಗಟ್ಟಿ ಆಗೈತಿ" ಎಂದು ನಕ್ಕೆ. ಆಮೇಲೆ ನಿನ್ನ ಎಂದಿನ ಜಾಗದಲ್ಲಿ ಅಡಿಗೆ ಮನೆಯ ಕಡೆ ಮುಖ ಮಾಡಿ ಕೂತೆ. ನಾನು ಹೊರಗಿನಿಂದ ಬಂದರೆ ಹೊರಳಲಿಲ್ಲ. ಅವ್ವ ನೀರು ತಂದರೆ ಹೊರಳಲಿಲ್ಲ. ಬಸಣ್ಣ ಕಾಕಾ ನಿನ್ನನ್ನೇ ನೋಡಲು ಬಾಗೇವಾಡಿಯಿಂದ ಬಂದು, ಬೆನ್ನ ಹಿಂದೆ ನಿಂತು, "ಹನೀಫಭಾಯಿ, ಆರಾಮಿದೀರೇನ್ರಿ" ಎಂದು ಕೇಳಿ ಕೇಳಿ, ಕಡೆಗೆ ನನ್ನನ್ನು ನೋಡಿ, "ನಿಮ್ಮಪ್ಪಗ ನನ್ನ ಮ್ಯಾಲೂ ಸಿಟ್ಟೇನ?" ಎಂದು ಚಹಾ ಕುಡಿಯದೆ ಹೋದ.

ಎರಡು ದಿನ ಬಿಟ್ಟು ಕೂಡ್ರುವ ದಿಕ್ಕನ್ನೇ ಬದಲಿಸಿದೆ. ಬಾಗಿಲ ಕಡೆ ಮುಖ. ಆಗ ಅವ್ವ ಅಡಿಗೆ ಮನೆಯಿಂದ ಏನು ಹೇಳಿದರೂ ಉತ್ತರವಿಲ್ಲ. "ಈ ಮನುಷಾಗ ನನ್ನ ಮಾರಿ ನೋಡೂದೂ ಬ್ಯಾಡಾಗೈತಿ" ಎಂದು ಆಕೆ ಒಲೆಯ ಮುಂದೆ ಕಣ್ಣು ಒರೆಸಿಕೊಂಡಳು, ಹೊಗೆ ಎಂದಳು. ಗ್ಯಾಸಿನ ಒಲೆಗೆ ಹೊಗೆ ಎಲ್ಲಿಂದ ಬರಬೇಕು? ಮರುದಿನ ನೀನು ಮತ್ತೆ ಅಡಿಗೆ ಮನೆಯ ಕಡೆ ಹೊರಳಿ ಕೂತೆ.

ಮತ್ತು ನಾಯಿ. ಬಕ್ರೀದಿನ ದಿನ ಮಂದಿಗೆ ಹಂಚಬೇಕೆಂದು ತೆಗೆದಿಟ್ಟ ಮಾಂಸದ ಬುಟ್ಟಿ ನಿನ್ನಿಂದ ಒಂದು ಮೊಳ ದೂರದಲ್ಲಿತ್ತು. ಓಣಿಯ ಕರಿನಾಯಿ ಬಾಗಿಲಿಂದ ರಾಜನ ಹಾಗೆ ನಡೆದು ಬಂದು, ನಿನ್ನ ಬೆನ್ನಿಗೆ ಬಾಲ ಸವರಿ, ದೊಡ್ಡ ತುಂಡೊಂದನ್ನು ಕಚ್ಚಿಕೊಂಡು ಹೋಯಿತು. ನಾನು ಎದುರಿನ ಕಟ್ಟೆಯಿಂದ ಕೂಗಿದೆ. ಇಡೀ ಓಣಿ ಕೂಗಿತು. ನೀನು ಬೀಸಣಿಗೆ ಬೀಸಿಕೊಳ್ಳುತ್ತಿದ್ದೆ. "ನಾಯಿ ಬಂದದ್ದೂ ಗೊತ್ತಾಗಲಿಲ್ಲೇನ್ರೀ?" ಎಂದು ಅವ್ವ ಕೇಳಿದಾಗ ನೀನು ನಕ್ಕೆ. ಆ ನಗು ನನಗೆ ಸೇರಲಿಲ್ಲ.

ಒಂದು ಕಲ್ಲು ಕೂಡಿಸಿದ್ದಕ್ಕೆ ಇಷ್ಟು ಹಟ ಇದ್ದರೆ ಹೇಳು. ನಾನು ಬೈಸಿಕೊಳ್ಳಲು ತಯಾರಿದ್ದೇನೆ. ನನ್ನ ಮೇಲಿನ ಸಿಟ್ಟಿಗೆ ಅವ್ವನನ್ನು ಯಾಕೆ ಸುಡುತ್ತೀಯ? ಹಿಂದೆ ಹೊರಳುತ್ತಿದ್ದವನು ಈಗ ಯಾಕೆ ಹೊರಳುವುದಿಲ್ಲ? ಆಗಿನದು ನಾಟಕವೋ, ಈಗಿನದೋ?

ಇರಮ


ಮುದ್ದೇಬಿಹಾಳ
೧೫ ಸೆಪ್ಟೆಂಬರ್ ೨೦೨೪

ಅಪ್ಪಾ,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯುವಂತಹ ಪತ್ರವೂ ಅದಲ್ಲ. ಅದನ್ನು ಹರಿದುಹಾಕು. ಈಗ ಬರೆಯುವುದನ್ನು ಓದು.

ಕಳೆದ ರವಿವಾರ ಆಲಮೇಲದಿಂದ ಒಂದು ಹೆಂಗಸರ ಗುಂಪು ಬಂದಿತ್ತು. ಅದರಲ್ಲಿ ಶೇವಂತೆವ್ವ ಎಂಬ ಅಜ್ಜಿ. ಮೊಣಕಾಲು ನೋವು, ವಾಡೆಯ ಮೆಟ್ಟಿಲು ಹತ್ತಲಾರೆ ಎಂದು ಬಾಗಿಲ ಒಳಗಿನ ಕಾವಲುಕಟ್ಟೆಯ ಮೇಲೆ ಕೂತಳು. ಉಳಿದವರಿಗೆ ಬುರುಜು ತೋರಿಸಿ ಇಳಿದು ಬಂದರೆ ಅಜ್ಜಿ ನನ್ನ ಕೈ ಹಿಡಿದು, "ಯವ್ವಾ, ಇದೇನ ಕಟ್ಟಿನೋ ಏನ ಕುದರಿನೋ? ಕಣ್ಣ ಹತ್ತಿತ್ತು, ಯಾರರೇ ಬಾಗಲದಾಗ ಕಾಲ ಇಟ್ರ ಕುಂಡಿ ಬುಡಕ ಕಲ್ಲ ಜಿಗೀತೈತಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕು, ಅಜ್ಜಿಯ ಪಕ್ಕದಲ್ಲಿ ಕೂತು, ಬಸಣ್ಣ ಕಾಕಾನಿಗೆ ಹೊರಗೆ ಹೋಗಿ ಬಾ ಎಂದೆ. ಅವನು ಬಂದ. ಅಲುಗಾಡುವ ಕಲ್ಲಿನ ಮೇಲೆ ಕಾಲಿಟ್ಟ. ನನ್ನ ಕೆಳಗಿನ ಕಲ್ಲು ಒಂದು ಕೂದಲೆಳೆಯಷ್ಟು ಎದ್ದು ಕೂತಿತು.

ನನ್ನ ಅಂಗೈ ಕಲ್ಲಿನ ಮೇಲಿತ್ತು. ನೀನು ಊರುವ ಹಾಗೆ.

ಆ ವಾಡೆಯವರು ಅದನ್ನು ಬೇಕಂತಲೇ ಹಾಗೆ ಮಾಡಿದರೋ, ಹಳೆಯದಾಗಿ ಸಡಿಲಾಯಿತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಟ್ರಿಪ್ಪಿನವರಿಗೆ ಹೇಳಿಲ್ಲ. ಆದರೆ ನಮ್ಮ ಮನೆಯದು ನನಗೆ ಗೊತ್ತಾಯಿತು. ನಟ್ಟನಡುವಿನ ಚಕ್ಕೆ. ಎರಡನೆಯ ಕಲ್ಲಿನ ಬುಡಕ್ಕೆ ತೂರಿದ ಅಂಚು. ಆ ಎರಡನೆಯ ಕಲ್ಲಿನ ಮೇಲೆಯೇ ನೀನು ಕೂಡ್ರುವುದು. ಕಣ್ಣನ್ನು ಅವ್ವನ ಮುಖಕ್ಕೆ ಕೊಟ್ಟಿದ್ದೆ, ತುಟಿ ನೋಡಿದರೆ ಮಾತು ತಿಳಿಯಲಿ ಎಂದು. ಬಾಗಿಲನ್ನು ಕಲ್ಲಿಗೆ ಕೊಟ್ಟಿದ್ದೆ. ನಾನು ನಿನ್ನ ಕಿವಿಗೆ ಸಿಮೆಂಟು ತುಂಬಿ, ಮೂರು ದಿನ ನೀರು ಉಣಿಸಿ, ನೋಡು ಬಾ ಎಂದು ಪತ್ರ ಬರೆದಿದ್ದೇನೆ.

ಕಾಕಾ ಅಂದು ಹಿನ್ನೀರಿಗೆ ಹೋಗೋಣ ಎಂದರೆ, ನೀವು ಹೋಗ್ರಿ, ನನ್ನನ್ನು ಖಣಿಯ ಹತ್ತಿರ ಇಳಿಸ್ರಿ ಎಂದೆ. ಗೈಬುಸಾಬ ಕಾಕಾನನ್ನು ಕೇಳಿದೆ, "ನಮ್ಮಪ್ಪಗ ಎಷ್ಟ ಕೇಳಸ್ತೈತ್ರಿ?" ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ಏನೂ ಇಲ್ಲ. ಖಣಿ ಮುಚ್ಚೂಕಿಂತ ಮೊದಲನ ಹೋಗಿತ್ತು. ಮನ್ಯಾಗ ಕಿವಿ ಮಂದ ಅಂತಷ್ಟ ಹೇಳೇನಿ, ಗಾಬರಿ ಆಗ್ತಾರ ಅಂತಿದ್ದ. ನಿನಗ ಗೊತ್ತಿಲ್ಲೇನ?" ಎಂದ. ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿಲ್ಲ.

ನಾನು ಬಿಸಾಕಿದ ಚಕ್ಕೆ ಸಿಗಲಿಲ್ಲ. ಖಣಿಯಲ್ಲಿ ಅಂಥದೇ ಒಂದು ಆರಿಸಿಕೊಂಡು ಬಂದೆ. ಕಲ್ಲು ಕೀಳಲು ಎರಡು ದಿನ ಹಿಡಿಯಿತು. ಅಷ್ಟು ಚೆನ್ನಾಗಿ ಕೂಡಿಸಿದ್ದೆನಲ್ಲ, ನನ್ನ ಕೈಗೆ ನಾನೇ ಬೈದುಕೊಂಡೆ. ಒಂದು ಮೂಲೆ ಮುರಿಯಿತು. ನಾನು ಕಡಿದು ಹಾಕಿದ ಅಂಚು ಮತ್ತೆ ಬರುವುದಿಲ್ಲವಲ್ಲ. ಅದಕ್ಕೆ ಕಲ್ಲನ್ನು ತಿರುಗಿಸಿ, ಇನ್ನೊಂದು ಬದಿಯನ್ನು ಎರಡನೆಯ ಕಲ್ಲಿನ ಬುಡಕ್ಕೆ ಕೊಟ್ಟೆ. ಚಕ್ಕೆ ಎಲ್ಲಿ ಇಡಬೇಕೆಂದು ತಿಳಿಯದೆ ಆ ಕಡೆ ಈ ಕಡೆ ಸರಿಸಿ ಸರಿಸಿ ಸಾಕಾಯಿತು. ಆಮೇಲೆ ಕಿವಿಗೆ ಹತ್ತಿ ತುರುಕಿ, ತಲೆಗೆ ಅವ್ವನ ಶಾಲು ಸುತ್ತಿಕೊಂಡು, ನಿನ್ನ ಜಾಗದಲ್ಲಿ ಕೂತೆ. ಅವ್ವನಿಗೆ, ಯಾವಾಗ ಬರುತ್ತೀ ಎಂದು ಹೇಳದೆ ಬಾ ಎಂದೆ. ಆಕೆಗೆ ಅಲ್ಲಿಯವರೆಗೆ ನಾನು ಏನೂ ಹೇಳಿರಲಿಲ್ಲ. ಬಂದಳು. ಅಂಗೈಗೆ ಗೊತ್ತಾಯಿತು. ಹೊರಳಿದೆ.

ಅವ್ವ ಬಾಗಿಲಲ್ಲೇ ನಿಂತಳು. ಹೊರಳಿದ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಲ್ಲನ್ನು ನೋಡಿ, ಅದರ ಮೇಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಆಕೆ ಅತ್ತದ್ದೂ ನನಗೆ ಅಂಗೈಯಿಂದಲೇ ತಿಳಿಯಿತು.

ನನಗೆ ಇನ್ನೂ ಸಿಟ್ಟಿದೆ. ಮೊದಲೇ ಒಂದು ಮಾತು ಹೇಳಿದ್ದರೆ ನಾನು ಕಲ್ಲು ಮುಟ್ಟುತ್ತಿದ್ದೆನೇ? ಸಾಲಿ ಮುಗಿಸು, ಕಲ್ಲು ಕೂಡಿಸುತ್ತೇನೆ ಎಂದು ನನಗೆ ಬೆಲ್ಲ ತೋರಿಸಿದೆ. ನಾನು ಮುಗಿಸಿಬಿಟ್ಟಿದ್ದರೆ ಏನು ಮಾಡುತ್ತಿದ್ದೆ? ಇದಕ್ಕೆ ಉತ್ತರ ಬರೆ.

ಕಲ್ಲು ಈಗ ಅಲುಗುತ್ತದೆ. ನೀನಿಟ್ಟಷ್ಟು ಸರಿಯಾಗಿಲ್ಲ, ಬಂದು ನೋಡು.

ಇರಮ


ಕೊಂಕಣ
೪ ಅಕ್ಟೋಬರ್ ೨೦೨೪

ಮಗಳೇ,

ನಿನ್ನ ಪತ್ರವನ್ನು ಕೋಟೆಯ ಗೋಡೆಯ ಮೇಲೆ ಕೂತು ಓದಿದೆ. ಗಾಳಿಗೆ ಹಾರಿಹೋಗುತ್ತಿತ್ತು, ಕಾಲ ಕೆಳಗೆ ಇಟ್ಟುಕೊಂಡು ಮತ್ತೆ ಓದಿದೆ.

ಮಳೆಯಲ್ಲಿ ಇಲ್ಲಿ ಕೆಲಸ ಇರಲಿಲ್ಲ. ದಂಡೆಯ ಮೇಲಿನ ಶೆಡ್ಡಿನಲ್ಲಿ ಕೂತಿದ್ದೆ. ಮನೆಯಲ್ಲಿ ಬೆನ್ನಿಗೆ ಭಯ ಆಗುತ್ತಿತ್ತು.

ನೀನು ಮುಗಿಸಿಬಿಟ್ಟಿದ್ದರೆ ಬೇರೆ ಏನಾದರೂ ನೆಪ ಹೇಳುತ್ತಿದ್ದೆ. ಖರೆ ಹೇಳುವುದು ನಿನಗೆ ಬರುತ್ತದೆ, ನನಗೆ ಬರುವುದಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀವು ಅವ್ವ ಮಗಳು ಇಬ್ಬರೂ ನನಗಾಗಿ ಗಟ್ಟಿಯಾಗಿ ತುಳಿದು ಬರುತ್ತಿದ್ದಿರಿ. ಮನೆಯವರು ಮನೆಗೆ ಬರುವ ಹಾಗೆ ಬರಲಿ, ನಾನು ಹಾಗೇ ತಿಳಿದುಕೊಳ್ಳುತ್ತೇನೆ ಎಂದಿದ್ದೆ. ನಿಮ್ಮವ್ವ ಮೊದಲು ಒಂದು ಕಾಲಿಟ್ಟು ನಿಂತು, ಆಮೇಲೆ ಇನ್ನೊಂದು ಇಡುತ್ತಾಳೆ. ಕೊಡ ಇದ್ದರೆ ಬೇರೆ, ಬರಿಗೈ ಇದ್ದರೆ ಬೇರೆ. ಗೈಬುಸಾಬ ಕಾಲು ಎಳೆಯುತ್ತಾನೆ. ನೀನು ಕಲ್ಲಿನ ಮೇಲೆ ನಿಲ್ಲುವುದೇ ಇಲ್ಲ, ತುದಿಗೆ ತಾಗಿ ಹಾರಿಬಿಡುತ್ತೀಯ.

ಸಾಲಿ ಬಿಟ್ಟ ದಿನ ಮಾತ್ರ ನೀನು ಆ ಕಲ್ಲಿನ ಮೇಲೆ ಬಹಳ ಹೊತ್ತು ನಿಂತಿದ್ದೆ. ನಾನು ಹೊರಳಲಿಲ್ಲ. ಹೊರಳಿದರೆ ಅಳುತ್ತೀಯ ಎಂದು ಗೊತ್ತಿತ್ತು. ನೀನು ಬಂದು ಎದುರು ನಿಂತು ಹೇಳುವವರೆಗೆ ಕಾಯ್ದೆ. ಅಂದು ಹೊರಳಬೇಕಿತ್ತೋ ಏನೋ.

ದೀವಳಿಗೆಗೆ ಇಲ್ಲಿ ಕೆಲಸ ನಿಲ್ಲುತ್ತದೆ. ಬರುತ್ತೇನೆ. ಹೋಗುವಾಗ ನಿಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಈ ಕೋಟೆ ತೋರಿಸುತ್ತೇನೆ. ನೀರನ್ನು ನೀನೇ ಕುಡಿದು ನೋಡು.

ಅಪ್ಪ


ನಮ್ಮ ಮನೆಯ ಹೊರಗಿನ ಕಟ್ಟೆ
೧ ನವೆಂಬರ್ ೨೦೨೪

ಅಪ್ಪಾ,

ಈ ಪತ್ರಕ್ಕೆ ಅಂಚೆಚೀಟಿ ಇಲ್ಲ. ನೀನು ಒಳಗೆ ಕೂತಿದ್ದೀಯ, ಅಡಿಗೆ ಮನೆಯ ಕಡೆ ಮುಖ ಮಾಡಿಕೊಂಡು. ಅವ್ವ ಒಲೆಯ ಮುಂದಿನಿಂದ ನಿನಗೆ ಏನೋ ಹೇಳುತ್ತಿದ್ದಾಳೆ, ಈಗ ಪ್ರತಿ ಮಾತಿಗೂ ನಿನ್ನ ಕಡೆ ಹೊರಳಿ ಹೇಳುತ್ತಾಳೆ, ಅದರಿಂದ ರೊಟ್ಟಿ ಹೊತ್ತುತ್ತಿವೆ. ಬಸಣ್ಣ ಕಾಕಾ ಬೆಳಿಗ್ಗೆ ಬಂದಾಗ ನೀನು ಹೊರಳಿ ನೋಡಿದ್ದಕ್ಕೆ ಅವನು ಕಲ್ಲಿನ ಮೇಲೆ ಇನ್ನೂ ನಾಲ್ಕು ಸಲ ಕುಣಿದ. ಇದನ್ನು ಟ್ರಿಪ್ಪಿನಲ್ಲಿ ಸೇರಿಸೋಣ ಎಂದ. ನಮ್ಮ ಮನೆ ಕೋಟೆಯಲ್ಲ, ಸೇರಿಸಿದರೆ ಕೆಲಸ ಬಿಡುತ್ತೇನೆ ಎಂದೆ. ನೀನು ಚಕ್ಕೆಯನ್ನು ಒಂದು ಬೆರಳು ಒಳಗೆ ಸರಿಸಿದ್ದನ್ನು ನೋಡಿದೆ. ಅದನ್ನು ನಾನು ಇಟ್ಟಾಗ ಸರಿ ಇರಲಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ನಡೆಯುತ್ತಿತ್ತು.

ಪರೀಕ್ಷೆಯ ಮಾತು ನೀನು ಕೇಳುವ ಮೊದಲೇ ಬರೆಯುತ್ತೇನೆ, ಎದುರು ನಿಂತರೆ ಜಗಳವಾಗುತ್ತದೆ. ಹೊರಗಿನಿಂದ ಕಟ್ಟುತ್ತೇನೆ. ಅವರು ಮತ್ತೆ ಬೋರ್ಡಿನ ಮೇಲೆ ಉತ್ತರ ಬರೆದರೆ ಮತ್ತೆ ಎದ್ದು ಬರುತ್ತೇನೆ. ಪಾಸಾಗುತ್ತೇನೆ ಎಂದು ಹೇಳುವುದಿಲ್ಲ, ಗಣಿತ ನನಗೆ ಖರೆಯಾಗಿಯೂ ಬರುವುದಿಲ್ಲ. ಪಾಸಾದರೂ ಆ ಕಲ್ಲನ್ನು ನೀನು ಕೂಡಿಸಬಾರದು. ಇದು ನನ್ನ ಕರಾರು.

ಇದನ್ನು ನಿನ್ನ ಕೈಗೆ ಕೊಡಲು ಈಗ ಒಳಗೆ ಬರುತ್ತೇನೆ. ಹಾರಿ ಬರುವುದಿಲ್ಲ. ಕಲ್ಲಿನ ಮೇಲೆ ನಿಲ್ಲುತ್ತೇನೆ, ಅಂದು ನಿಂತಷ್ಟು ಹೊತ್ತು. ಈ ಸಲ ಹೊರಳು.

ಇರಮ